ಹೊನ್ನಾವರದ ಕಾಂಡ್ಲಾ ಕಾಡಿನಲ್ಲಿ ಒಂದು ಸುತ್ತು: ಹೋಗಿ ಬಂದವರು ಹೇಳಿ

ಕೇಳಿದ್ದು:
ತುಮಕೂರಿನವಳು ನಾನು. ಡಿಸೆಂಬರ್ ರಜೆಯಲ್ಲಿ ಹೊನ್ನಾವರ ಕಡೆ ಹೋಗೋಣ ಅಂತಿದ್ದೇವೆ. ಜೊತೆಗೆ ಏಳು ವರ್ಷದ ಮಗ, ಮಂಡಿ ನೋವಿರುವ ಅಮ್ಮ. ಬೆಟ್ಟ ಹತ್ತುವುದೆಲ್ಲ ಆಗಲ್ಲ. ಶರಾವತಿ ಸಮುದ್ರ ಸೇರುವ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಹಲಗೆ ಹಾಸಿದ ದಾರಿ ಇದೆಯಂತಲ್ಲ, ಸುಮ್ನೆ ಒಂದು ಸುತ್ತು ಹಾಕಿ ಬರಬಹುದಾ? ಅಥವಾ ಬರೀ ಫೋಟೋದಲ್ಲಷ್ಟೇ ಚೆಂದನಾ?

ತುಮಕೂರಿನಿಂದಲೇ ಇನ್ನೊಬ್ಬರು:
ಎರಡು ಸಲ ಹೋಗಿದ್ದೇವೆ. ಮೊದಲನೇ ಸಲ ಪೂರ್ತಿ ದಂಡ, ಎರಡನೇ ಸಲ ಮಗಳನ್ನು ಅಲ್ಲಿಂದ ಎಬ್ಬಿಸಿಕೊಂಡು ಬರುವುದೇ ಕಷ್ಟವಾಯಿತು. ಜಾಗ ಅದೇ, ನೀರು ಮಾತ್ರ ಬೇರೆ.

ಮೊದಲ ಸಲ ಹೋಗಿದ್ದು ಹುಣ್ಣಿಮೆಯ ಮರುದಿನ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ಉಬ್ಬರ. ನೀರು ತುಂಬಿಕೊಂಡು ಮರದ ಸೊಪ್ಪು ಬಿಟ್ಟರೆ ಏನೂ ಕಾಣಲಿಲ್ಲ. ದಾರಿಯೋ ಚಿಕ್ಕದು, ಬಿರಬಿರನೆ ನಡೆದರೆ ಹತ್ತು ನಿಮಿಷಕ್ಕೆ ಮುಗಿದೇ ಹೋಗುತ್ತೆ. ನಮ್ಮನೆಯವರು "ಇದಕ್ಕೆ ಇಷ್ಟು ದೂರ ಬರಬೇಕಿತ್ತಾ, ಅಮಾನಿಕೆರೆ ಸುತ್ತಿದ್ರೆ ಸಾಕಿತ್ತು" ಅಂದರು. ನನಗೂ ಹಾಗೇ ಅನ್ನಿಸಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ. ಹೊರಗೆ ಎಳನೀರು ಮಾರುತ್ತಿದ್ದವರು ನಮ್ಮ ಮುಖ ನೋಡಿ, ನೀರು ಇಳಿದ ಮೇಲೆ ಬರಬೇಕಿತ್ತು ಅಂದರು.

ಎರಡನೇ ಸಲ ಅದನ್ನು ನೆನಪಿಟ್ಟುಕೊಂಡು, ಇಳಿತ ಬೆಳಿಗ್ಗೆ ಹೊತ್ತಿಗೇ ಬೀಳುವ ಅಷ್ಟಮಿಯ ದಿನ ಹೋದೆವು, ಬೆಳಿಗ್ಗೆ ಹನ್ನೊಂದರ ಸುಮಾರು. ನೀರು ಹಿಂದೆ ಸರಿದು ಕೆಸರು ಮಿರಮಿರ ಮಿನುಗುತ್ತಿತ್ತು. ಆ ಕೆಸರಿನ ತುಂಬ ಪೆನ್ಸಿಲ್ ಚುಚ್ಚಿಟ್ಟ ಹಾಗೆ ಬೇರುಗಳು, ತುದಿ ಮೇಲಕ್ಕೆ! ಕೆಸರಿನೊಳಗೆ ಗಾಳಿ ಆಡುವುದಿಲ್ಲವಲ್ಲ, ಅದಕ್ಕೇ ಬೇರು ಉಸಿರಾಡಲು ಹೊರಗೆ ತಲೆ ಹಾಕುತ್ತವೆ. ಕೆಲವು ಮರಗಳಲ್ಲಿ ನುಗ್ಗೆಕಾಯಿಯಂಥದ್ದು ನೇತಾಡುತ್ತಿರುತ್ತೆ, ಅದು ಕಾಯಲ್ಲ, ಬೀಜ ಮರದಲ್ಲೇ ಮೊಳಕೆ ಒಡೆದು ಉದ್ದಕ್ಕೆ ಇಳಿಬಿದ್ದಿರುವುದು. ಬಿದ್ದಾಗ ನೆಟ್ಟಗೆ ಕೆಸರಿಗೆ ನಾಟಿಕೊಂಡರೆ ಅಲ್ಲೇ ಗಿಡ, ಇಲ್ಲದಿದ್ದರೆ ನೀರು ಒಯ್ದಲ್ಲಿಗೆ.

ಮಗಳು ಹಲಗೆಯ ಮೇಲೆ ಬೋರಲು ಮಲಗಿಬಿಟ್ಟಳು. ಕೆಳಗೆ ಬೆರಳುದ್ದದ ಮೀನು, ಕಣ್ಣು ತಲೆಯ ಮೇಲೆ, ರೆಕ್ಕೆ ಊರಿಕೊಂಡು ಕೆಸರಿನ ಮೇಲೆ ಕುಪ್ಪಳಿಸುತ್ತೆ. ಪಕ್ಕದಲ್ಲಿ ಏಡಿ, ಗಂಡಿಗೆ ಒಂದು ಕೈ ಮಾತ್ರ ಮೈಯಷ್ಟೇ ದೊಡ್ಡದು, ಅದನ್ನು ಎತ್ತಿ ಎತ್ತಿ ಬಾ ಬಾ ಅಂತ ಕರೆದ ಹಾಗೆ ಆಡಿಸುತ್ತೆ. ಮಾತು ನಿಲ್ಲಿಸಿದರೆ ಒಗ್ಗರಣೆಗೆ ಸಾಸಿವೆ ಸಿಡಿಯುವಂಥ ಸಣ್ಣ ಚಟಪಟ ಕೇಳುತ್ತೆ. ಜೋರಾಗಿ ಹೆಜ್ಜೆ ಹಾಕಿದಿರೋ, ಎಲ್ಲವೂ ಬಿಲದೊಳಗೆ. ಹತ್ತು ನಿಮಿಷದ ದಾರಿಗೆ ಒಂದೂವರೆ ಗಂಟೆ ಹಿಡಿಯಿತು.

ಹಾಗಾಗಿ ಮೊದಲು ಇಳಿತದ ಹೊತ್ತು ನೋಡಿ, ಆಮೇಲೆ ರೂಮ್ ಬುಕ್ ಮಾಡಿ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಫೋನಿನಲ್ಲಿ ಆ ಊರಿನ ವೇಳೆ ಸಿಗುತ್ತೆ. ಅಮ್ಮನವರಿಗೆ ದಾರಿ ಸಮತಟ್ಟು, ತೊಂದರೆ ಇಲ್ಲ. ಸೊಳ್ಳೆಗೆ ಏನಾದರೂ ಹಚ್ಚಿಕೊಳ್ಳಿ.

ತಿಪಟೂರಿನಿಂದ:
ನಡಿಗೆ ಚಿಕ್ಕದೇ, ದಾರಿ ದೊಡ್ಡದು ಮೇಡಂ. ನಮ್ಮ ಬಿ.ಎಚ್. ರಸ್ತೆಯ "ಎಚ್" ಅಂದರೆ ಹೊನ್ನಾವರವೇ ಅಲ್ವಾ! ತುಮಕೂರಿನಿಂದ ಅದೇ ರಸ್ತೆ ಹಿಡಿದರೂ 360 ಕಿ.ಮೀ. ಹತ್ತಿರ ಆಗುತ್ತೆ. ಮಗನಿಗೆ ವಾಂತಿ ಅಭ್ಯಾಸ ಇದ್ದರೆ ಜೋಗ ದಾಟಿ ಗೇರುಸೊಪ್ಪ ಘಾಟಿಗೆ ಇಳಿಯುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ. ನಾವು ಸಾಗರದಲ್ಲಿ ಮಸಾಲೆ ದೋಸೆ ತಿನ್ನಿಸಿ ಕಾರು ತೊಳೆಸಿಕೊಂಡು ಬಂದವರು. ಒಂದೇ ದಿನಕ್ಕೆ ಹೋಗಬೇಡಿ, ಶಿವಮೊಗ್ಗದಲ್ಲೋ ಸಾಗರದಲ್ಲೋ ಉಳಿದುಕೊಳ್ಳಿ. ಮಳೆಗಾಲದಲ್ಲಿ ಹಲಗೆ ಜಾರುತ್ತೆ, ಡಿಸೆಂಬರ್ ಸರಿ. ಸಂಜೆ ಅಲ್ಲೇ ಹತ್ತಿರದ ಕಾಸರಕೋಡು ಬೀಚಿಗೆ ಹೋಗಿ, 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕಿದ ಕಡಲತೀರ ಅದು.

ಮಧುಗಿರಿಯಿಂದ:
ಅಮ್ಮನವರ ಮಂಡಿ ಎಷ್ಟು ತಡೆಯುತ್ತೆ ಅಂತ ನೋಡಬೇಕಾದರೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮೈದನಹಳ್ಳಿಗೆ ಬನ್ನಿ. ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ, 798 ಎಕರೆ, ಬಯಲು ನೆಲ. ಸಮುದ್ರ ಇಲ್ಲ, ಆದರೆ ಜಿಂಕೆಗೆ ಇಳಿತ ಉಬ್ಬರ ನೋಡಬೇಕಾಗಿಲ್ಲ. ಬಿಸಿಲು ಏರುವ ಮುಂಚೆ ಬಂದುಬಿಡಿ ಅಷ್ಟೇ, ನೆರಳು ಕಮ್ಮಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕ್ಯಾಲೆಂಡರ್ ನೋಡಿ ಅಷ್ಟಮಿ ದಿನ ಹೋಗೋಣ ಅಂದರೆ ಅಮ್ಮ ಒಪ್ಪುತ್ತಿಲ್ಲ, ಅಷ್ಟಮಿ ನವಮಿ ಪ್ರಯಾಣ ಕೂಡದಂತೆ. ಕೊನೆಗೆ ಸಪ್ತಮಿಯ ದಿನವೇ ಹೊರಟು ಸಾಗರದಲ್ಲಿ ಉಳಿಯೋಣ, ಮನೆಯ ಹೊಸ್ತಿಲು ದಾಟಿದ್ದು ಸಪ್ತಮಿಯಲ್ಲೇ ಅಲ್ವಾ ಅಂದೆ. ಹೂಂ ಅಂದಿದ್ದಾರೆ.