'ಅಂತೆ' ಬಂದರೆ ಉಪಮೆ ಅಲ್ವಾ?

ಎರಡು ಜಡೆ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಹತ್ತನೇ ತರಗತಿ. ನಿನ್ನೆ ಕನ್ನಡ ಟೆಸ್ಟ್ ಪೇಪರ್ ತಂದಳು, ಅಲಂಕಾರದ ಪ್ರಶ್ನೆಯಲ್ಲಿ ಅಂಕ ಹೋಗಿದೆ. ವಾಕ್ಯ ಇದು: 'ತೆಂಗಿನ ಮರಗಳು ಬಂದವರನ್ನು ಕೈಬೀಸಿ ಕರೆಯುತ್ತಿವೆಯೋ ಎಂಬಂತೆ ತೂಗುತ್ತಿದ್ದವು.' ಅವಳು ಉಪಮೆ ಎಂದು ಬರೆದಿದ್ದಾಳೆ. ಸರಿ ಉತ್ತರ ಉತ್ಪ್ರೇಕ್ಷೆ ಅಂತೆ. 'ಅಂತೆ, ಹಾಗೆ' ಬಂದರೆ ಉಪಮೆ ಎಂದು ಹೇಳಿಕೊಟ್ಟಿದ್ದು ನಾನೇ, ನಾವು ಶಾಲೆಯಲ್ಲಿ ಹಾಗೇ ಬಾಯಿಪಾಠ ಮಾಡಿದ್ದು, ಅದಕ್ಕೇ ಜಾಸ್ತಿ ಬೇಜಾರಾಗಿದೆ. ಉಪಮೆ, ರೂಪಕ, ಉತ್ಪ್ರೇಕ್ಷೆ, ಈ ಮೂರನ್ನು ಯಾರಾದರೂ ಬಿಡಿಸಿ ಹೇಳುತ್ತೀರಾ?

ಸೀಮೆಸುಣ್ಣ

ನಾನು ಕನ್ನಡ ಪಾಠ ಮಾಡುವವನು. ಈ ತಪ್ಪು ಪ್ರತಿ ವರ್ಷ ನೋಡುತ್ತೇನೆ. ಮೊದಲು 'ಅಂತೆ' ಹುಡುಕುವ ಅಭ್ಯಾಸ ಬಿಡಿಸಿ. ನೀವೇ ಮೇಲೆ 'ಉತ್ಪ್ರೇಕ್ಷೆ ಅಂತೆ' ಎಂದು ಬರೆದಿದ್ದೀರಿ, ಅಲ್ಲಿ ಹೋಲಿಕೆ ಎಲ್ಲಿದೆ? ಅದು ಬೇರೆಯವರ ಮಾತನ್ನು ತಿಳಿಸುವ 'ಅಂತೆ'. 'ಅಮ್ಮ ಹೇಳಿದಂತೆ ಮಾಡಿದೆ' ಎಂಬಲ್ಲೂ ಅಲಂಕಾರವಿಲ್ಲ.

ಹುಡುಕಬೇಕಾದದ್ದು ಎರಡು ವಸ್ತುಗಳನ್ನು. 'ಅಜ್ಜಿಯ ಕೂದಲು ಹತ್ತಿಯಂತೆ ಬೆಳ್ಳಗಿದೆ' ಎಂದರೆ ಮಾತು ನಡೆದಿರುವುದು ಕೂದಲಿನ ಬಗ್ಗೆ, ಅದು ಉಪಮೇಯ. ಹೋಲಿಸಿರುವುದು ಹತ್ತಿಗೆ, ಅದು ಉಪಮಾನ. 'ಅಂತೆ' ಉಪಮಾವಾಚಕ, ಬಿಳುಪು ಸಮಾನಧರ್ಮ. ನಾಲ್ಕೂ ಇದ್ದರೆ ಪೂರ್ಣೋಪಮೆ, ಯಾವುದಾದರೂ ಬಿಟ್ಟುಹೋಗಿದ್ದರೆ ಲುಪ್ತೋಪಮೆ. ಇಲ್ಲಿ ಕೂದಲು ಕೂದಲೇ, ಹತ್ತಿ ಹತ್ತಿಯೇ. ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದ್ದಾರೆ ಅಷ್ಟೇ.

ತೆಂಗಿನ ಮರದ ವಾಕ್ಯ ಹಾಗಲ್ಲ. ನಡೆದದ್ದು ಒಂದೇ, ಮರ ಗಾಳಿಗೆ ತೂಗಿತು. ಕರೆಯುತ್ತಿದೆ ಎನ್ನುವುದು ನೋಡಿದವರ ಕಲ್ಪನೆ. ಹೀಗೆ ಒಂದನ್ನು ಇನ್ನೊಂದು ಎಂದು ಕಲ್ಪಿಸಿದರೆ ಉತ್ಪ್ರೇಕ್ಷೆ. 'ಕರೆಯುತ್ತಿವೆಯೋ' ಎಂಬಲ್ಲಿ ಕೊನೆಗಿರುವ ಆ 'ಓ' ಸ್ವರವನ್ನು ಮಗಳಿಗೆ ತೋರಿಸಿ. ಇದು ಅದೇ ಇರಬಹುದೇನೋ ಎಂಬ ಊಹೆ ಅಲ್ಲೇ ಕೂತಿದೆ.

ಜೋಳದ ರೊಟ್ಟಿ

ರೂಪಕದ ಬಗ್ಗೆ ನಾನು ಹೇಳುತ್ತೇನೆ, ಇದು ನನಗೆ ತುಂಬಾ ಇಷ್ಟದ ವಿಷಯ. 12ನೇ ಶತಮಾನದ ಬಸವಣ್ಣನವರ ಎರಡು ವಚನಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿ. 'ನುಡಿದರೆ ಮುತ್ತಿನ ಹಾರದಂತಿರಬೇಕು' ಎಂಬುದು ಉಪಮೆ. ಮಾತು ಹೇಗಿರಬೇಕು ಎಂದು ಮುತ್ತಿನ ಹಾರ, ಮಾಣಿಕ್ಯದ ದೀಪ್ತಿ, ಸ್ಫಟಿಕದ ಶಲಾಕೆ ಒಂದೊಂದಾಗಿ ತೋರಿಸುತ್ತಾ ಹೋಗುತ್ತಾರೆ.

ಇನ್ನೊಂದು 'ಉಳ್ಳವರು ಶಿವಾಲಯ ಮಾಡುವರು'. ದುಡ್ಡಿದ್ದವರು ಗುಡಿ ಕಟ್ಟಿಸುತ್ತಾರೆ, ಬಡವನಾದ ನಾನೇನು ಮಾಡಲಿ ಎಂದು ಕೇಳಿ, 'ಎನ್ನ ಕಾಲೇ ಕಂಬ, ದೇಹವೇ ದೇಗುಲ' ಎನ್ನುತ್ತಾರೆ. ಇದನ್ನು ಸುಮ್ನೆ ಒಂದು ಸಲ 'ನನ್ನ ಕಾಲು ಕಂಬದಂತೆ, ದೇಹ ದೇಗುಲದಂತೆ' ಎಂದು ಬದಲಾಯಿಸಿ ಓದಿ ನೋಡಿ. ವಚನ ಬಿದ್ದುಹೋಗುತ್ತದೆ! ದೇಗುಲದಂತೆ ಎಂದ ಮೇಲೆ ನಿಜವಾದ ದೇಗುಲ ಬೇರೆಲ್ಲೋ ಇದೆ, ಅದು ಉಳ್ಳವರ ಹತ್ತಿರವೇ ಇದೆ, ಬಡವನ ಹತ್ತಿರ ಇರುವುದು ಅದರ ಹೋಲಿಕೆ ಮಾತ್ರ ಎಂದಾಗುತ್ತದೆ. 'ದೇಹವೇ' ಎಂದಾಗ ಇನ್ನೊಂದು ಗುಡಿಯೇ ಬೇಡ. ಉಪಮೇಯ ಉಪಮಾನ ಎರಡೂ ಒಂದೇ ಆಗಿಬಿಡುವುದು ರೂಪಕ ಎಂದು ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ, ಅದರ ಬಲ ನನಗೆ ಅರ್ಥವಾಗಿದ್ದು ಈ 'ಏ' ಸ್ವರದಿಂದ. ಈ ವಚನ ರೂಪಕದ ಮೇಲೇ ನಿಂತಿದೆ.

ಎರಡು ಜಡೆ ಅಮ್ಮ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವಚನವನ್ನು ಮಗಳು ಎರಡೂ ಥರ ಜೋರಾಗಿ ಓದಿದಳು. ಅವಳದೇ ಒಂದು ಪ್ರಶ್ನೆ: ಉತ್ಪ್ರೇಕ್ಷೆ ಅಂದರೆ ಇದ್ದದ್ದನ್ನು ದೊಡ್ಡದು ಮಾಡಿ ಹೇಳುವುದು ಅಲ್ವಾ? ತೆಂಗಿನ ಮರದಲ್ಲಿ ದೊಡ್ಡದು ಮಾಡಿದ್ದು ಏನು?

ಆಮೇಲೆ 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯಲ್ಲಿ 'ಅಂತೆ'ಯೂ ಇಲ್ಲ, 'ಏ'ಯೂ ಇಲ್ಲ, ಆದರೂ ಹೋಲಿಕೆ ಇದೆಯಲ್ಲ ಎನ್ನುತ್ತಾಳೆ.

ಸೀಮೆಸುಣ್ಣ

ಒಳ್ಳೆಯ ಪ್ರಶ್ನೆ. ದಿನದ ಮಾತಿನಲ್ಲಿ ಉತ್ಪ್ರೇಕ್ಷೆ ಎಂದರೆ ಹೌದು, ದೊಡ್ಡದು ಮಾಡುವುದೇ. ಅಲಂಕಾರದಲ್ಲಿ ಆ ಕೆಲಸಕ್ಕೆ ಅತಿಶಯೋಕ್ತಿ ಎಂಬ ಬೇರೆ ಹೆಸರಿದೆ, ಉತ್ಪ್ರೇಕ್ಷೆ ಎಂದರೆ ಕಲ್ಪನೆ. ಪದ ಒಂದೇ, ಅರ್ಥ ಎರಡು, ಮಕ್ಕಳು ಎಡವುವುದು ಇಲ್ಲೂ ಇದೆ.

ಗಾದೆಯ ವಿಷಯದಲ್ಲಿ ಅವಳು ಹೇಳಿದ್ದು ಸರಿ. ಎರಡು ಬೇರೆ ಬೇರೆ ವಾಕ್ಯಗಳಿವೆ, ಜೋಡಿಸುವ ಪದ ಒಂದೂ ಇಲ್ಲ. ಒಡೆದ ಮುತ್ತು ಕೂಡುವುದಿಲ್ಲ, ಆಡಿದ ಮಾತು ವಾಪಸ್ ಬರುವುದಿಲ್ಲ. ಒಂದು ಬಿಂಬ, ಇನ್ನೊಂದು ಪ್ರತಿಬಿಂಬ. ಇದು ದೃಷ್ಟಾಂತ. 'ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ' ಎಂಬುದೂ ಅದೇ. ಮನೆಯಲ್ಲಿ ದೊಡ್ಡವರಿದ್ದರೆ ಇಂಥವು ಇನ್ನೂ ನಾಲ್ಕು ಕೇಳಿ ಬರೆದುಕೊಳ್ಳಲಿ.