ಸುಶಿ, ನಿಂದು ಯಾವ ಒಕ್ಕ?

ಮಡಿಕೇರಿಲಿ ಮಳೆ ಹಿಡ್ಕೊಂಡು ಹನ್ನೊಂದು ದಿನ, ಕರೆಂಟ್ ಹೋಗಿ ಮೂರು ದಿನ, ಇನ್ವರ್ಟರ್ ಸತ್ತು ಎರಡು ದಿನ. ಮನೇಲಿ ಕೂತು ಮಾಡೋದೇನು ಅಂತ ನಾವು ನಾಲ್ಕು ಜನ ಹೋಂಸ್ಟೇ ಅಣ್ಣನ ಜಗಲಿಲಿ ಸೇರಿದ್ವಿ. ಗೆಸ್ಟ್ ಒಬ್ಬರೂ ಇಲ್ಲ, ಅಣ್ಣನ ಮುಖ ನೋಡಕ್ಕಾಗ್ತಿರಲಿಲ್ಲ. ಇದ್ದಿದ್ದು ಒಂದೇ ಒಳ್ಳೆ ಕುರ್ಚಿ, ಅದನ್ನ ಸುಬೇದಾರ್ ಮಾವ ಹಿಡಿದಾಗಿತ್ತು. ಕೆಂಡದ ಹತ್ರ ಕೂತು ಹಲಸಿನ ಬೀಜ ಸುಡ್ತಿದ್ದವನು ನಮ್ಮ ಹಡಗು. ಅವನಿಗೂ ಒಂದು ಹೆಸರಿದೆ, ಮರ್ಚೆಂಟ್ ನೇವಿಗೆ ಹೋಗಿ ಬಂದ ಮೇಲೆ ಅವರಮ್ಮ ಬಿಟ್ಟು ಬೇರೆ ಯಾರೂ ಆ ಹೆಸರಲ್ಲಿ ಕರೆಯಲ್ಲ.

ನಾನು ಅದೇ ವಾರ ಬೆಂಗಳೂರಿಂದ ವಾಪಸ್ ಬಂದಿದ್ದೆ. ಅಕ್ಕನ ಮಗ ಅಲ್ಲಿ ಐಟಿಲಿದ್ದಾನೆ, "ಮಾವ, ಬರೀ ಒಟ್ಟಿ ಪಂದಿಕರಿ ತಿಂದ್ಕೊಂಡು ಜೀವನ ಕಳೀಬೇಡಿ, ಸ್ವಲ್ಪ ಪ್ರಪಂಚ ನೋಡಿ" ಅಂತ (ಒಟ್ಟಿ ಅಂದ್ರೆ ನಮ್ಮ ಅಕ್ಕಿರೊಟ್ಟಿ, ಪಂದಿಕರಿ ಅಂದ್ರೆ ಹಂದಿ ಮಾಂಸದ ಸಾರು) ಹತ್ತು ದಿನ ದಿನಕ್ಕೊಂದು ದೇಶದ ಹೋಟೆಲಿಗೆ ಕರ್ಕೊಂಡು ಹೋದ. ಪ್ರಪಂಚ ನೋಡಿದೆ, ಎಲ್ಲಾ ಇಂದಿರಾನಗರ ಕೋರಮಂಗಲದಲ್ಲೇ ಇತ್ತು.

"ಎಂತ ತಿಂದೆ ಹೇಳು" ಅಂದ್ರು ಸುಬೇದಾರ್ ಮಾವ.

ಮೊದಲು ಜಪಾನು. ಸುಶಿ ಅಂದ್ರೆ ಹಸಿ ಮೀನು ಅಂತ ನಾನು ಅಂದ್ಕೊಂಡಿದ್ದೆ, ಅಲ್ವಂತೆ, ಸುಶಿಲಿ ಮುಖ್ಯ ವಿನೆಗರ್ ಕಲಸಿದ ಅನ್ನ, ಬರೀ ಮೀನು ಹೆಚ್ಚಿ ಕೊಟ್ರೆ ಅದು ಸಾಶಿಮಿ. ಹಿಂದಿನ ಕಾಲದಲ್ಲಿ ಮೀನಿಗೆ ಉಪ್ಪು ಹಾಕಿ ಅನ್ನದೊಳಗೆ ಒತ್ತಿ ತಿಂಗಳುಗಟ್ಟಲೆ ಇಡ್ತಿದ್ರಂತೆ, ಅನ್ನ ಹುಳಿ ಬಂದು ಮೀನು ಕೆಡದೆ ಉಳೀತಿತ್ತು, ಆಮೇಲೆ ಮೀನು ತಿಂದು ಅನ್ನ ಬಿಸಾಕ್ತಿದ್ರು.

"ಅನ್ನ ಬಿಸಾಕೋದಾ?" ಮಾವ ಕುರ್ಚಿಯಿಂದ ಅರ್ಧ ಎದ್ರು. ಬೇರೆ ಯಾವ ದೇಶದ ಯಾವ ತಪ್ಪನ್ನೂ ಅವರು ಕ್ಷಮಿಸಬಹುದು, ಇದನ್ನ ಇಲ್ಲ.

"ಈಗ ಬಿಸಾಕಲ್ಲ ಮಾವ, ಈಗ ಅನ್ನಕ್ಕೇ ದುಡ್ಡು" ಅಂತ ಸಮಾಧಾನ ಮಾಡಿದೆ.

ಪಕ್ಕದಲ್ಲಿ ಹಸಿರು ಮುದ್ದೆ ಥರ ವಾಸಾಬಿ. ಅಳಿಯ "ಮಾವ ಸ್ವಲ್ಪ, ಸ್ವಲ್ಪ" ಅಂತಿದ್ದ, ನಾನು ಸ್ವಲ್ಪಾನೇ ಹಾಕ್ಕೊಂಡೆ. ಅದರ ಖಾರ ನಾಲಿಗೆಗೆ ಬರಲ್ಲ ಕಣ್ರೀ, ಮೂಗಿನೊಳಗಿಂದ ಏಣಿ ಹಾಕ್ಕೊಂಡು ನೆತ್ತಿಗೆ ಹತ್ತುತ್ತೆ, ಕಣ್ಣಲ್ಲಿ ಧಾರಾಕಾರ ನೀರು, ಅತ್ತೆ ತೀರಿಕೊಂಡಾಗ್ಲೂ ನಾನು ಅಷ್ಟು ಅತ್ತಿಲ್ಲ. ಆಮೇಲೆ ಅಳಿಯ ನಿಧಾನಕ್ಕೆ ಹೇಳಿದ, ನಿಜವಾದ ವಾಸಾಬಿ ಗಿಡ ಬೆಳೆಯೋದು ಬಹಳ ಕಷ್ಟ, ರೇಟೂ ಜಾಸ್ತಿ, ಅದಕ್ಕೆ ಬಹುಪಾಲು ಹೋಟೆಲ್‌ಗಳಲ್ಲಿ ಕೊಡೋದು ಹಾರ್ಸ್‌ರ‍್ಯಾಡಿಶ್ ಅನ್ನೋ ಬೇರು, ಸಾಸಿವೆ, ಹಸಿರು ಬಣ್ಣ ಕಲಸಿದ್ದು ಅಂತ. ದುಡ್ಡು ಕೊಟ್ಟು ಅತ್ತಿದ್ದು ಹೋಗ್ಲಿ, ಡೂಪ್ಲಿಕೇಟಿಗೆ ಅತ್ತಿದ್ದು ಬೇಜಾರು.

ಇಲ್ಲಿ ನನ್ನ ಜೇಬಿನ ವಿಷಯ ಹೇಳಬೇಕು. ನನ್ನ ಹೆಂಡ್ತಿ ಹೊರಡುವಾಗ ಒಂದು ಕ್ವಾರ್ಟರ್ ಬಾಟ್ಲಿಲಿ ಕಾಚಂಪುಳಿ ತುಂಬಿ "ಇದನ್ನ ಅತ್ತಿಗೆಗೆ ಕೊಡಿ" ಅಂದಿದ್ಲು. ಗೊತ್ತಿಲ್ಲದವರಿಗೆ ಹೇಳೋದಾದ್ರೆ, ಮಲೆನಾಡಲ್ಲಿ ಉಪ್ಪಾಗೆ ಅಂತಾರಲ್ಲ ಆ ಹಣ್ಣಿನ ರಸ ಕುದಿಸಿ ಕುದಿಸಿ ಇಳಿಸಿದ್ದು, ನೋಡಕ್ಕೆ ರೋಡಿಗೆ ಹಾಕೋ ಟಾರು, ಇದಿಲ್ದೆ ಪಂದಿಕರಿ ಆಗಲ್ಲ. ನಾನು ಅಕ್ಕನಿಗೆ ಕೊಡೋದು ಮರೆತು ಅದನ್ನ ಜೇಬಲ್ಲೇ ಇಟ್ಕೊಂಡು ಓಡಾಡ್ತಿದ್ದೆ. ಸರಿ, ಸುಶಿಗೆ ಒಂದು ತೊಟ್ಟು ಹಾಕಿ ನೋಡೋಣ ಅಂತ ಬಾಟ್ಲಿ ತೆಗೆದಿದ್ದೇ ತಡ, ವೇಟರ್ ಹುಡುಗ ಓಡಿ ಬಂದು "ಸರ್, ಹೊರಗಿನ ಡ್ರಿಂಕ್ಸ್ ಅಲೋ ಇಲ್ಲ" ಅಂದ. ಅಳಿಯ ಟೇಬಲ್ ಕೆಳಗೆ ಹೋಗೋದೊಂದು ಬಾಕಿ. ನಾನು "ಡ್ರಿಂಕ್ಸ್ ಅಲ್ಲಪ್ಪ, ಮೂಸಿ ನೋಡು" ಅಂತ ಮುಚ್ಚಳ ತೆಗೆದು ಅವನ ಮೂಗಿಗೆ ಹಿಡಿದೆ. ಹುಡುಗ ಕಣ್ಣು ಮುಚ್ಚಿ ಒಂದು ಸಲ ಎಳ್ಕೊಂಡ. "ಪೋರ್ಕ್‌ಗಾ?" ಅಂದ!

ನಾಗಾಲ್ಯಾಂಡ್ ಹುಡುಗ. ಅವರ ಮನೇಲೂ ಹಂದಿ ಮಾಂಸಕ್ಕೆ ಬಿದಿರ ಕಣಿಲೆ ಹುಳಿ ಬರಿಸಿ ಹಾಕ್ತಾರಂತೆ. ನಾನು ನಮ್ಮ ಕಣಿಲೆ ಸಾರು, ಬೈಂಬಳೆ ಕರಿ ಬಗ್ಗೆ ಶುರು ಮಾಡಿದೆ, ಅವನು ಅವರ ಅಜ್ಜಿ ಬಗ್ಗೆ ಶುರು ಮಾಡಿದ, ನನ್ನ ಹಿಂದಿ ಅವನ ಹಿಂದಿ ಎರಡೂ ಅಷ್ಟಕ್ಕಷ್ಟೇ, ಆದ್ರೂ ಕೊಬ್ಬು ಎಷ್ಟಿರಬೇಕು ಅನ್ನೋದರಲ್ಲಿ ಒಂದು ಮಾತೂ ಭಿನ್ನಾಭಿಪ್ರಾಯ ಬರಲಿಲ್ಲ. ಜಪಾನ್ ಊಟ ತಣ್ಣಗಾಯ್ತು. ಅದು ಮೊದಲೂ ತಣ್ಣಗೇ ಇತ್ತು ಬಿಡಿ.

"ಅವರದ್ದು ಯಾವ ಒಕ್ಕ ಅಂತ ಕೇಳಿದ್ಯಾ?" ಮಾವನ ಪ್ರಶ್ನೆ. ಒಕ್ಕ ಅಂದ್ರೆ ನಮ್ಮ ಕೊಡವರಲ್ಲಿ ಮನೆತನ. ನಮ್ಮ ಕಡೆ ಹೊಸಬರು ಸಿಕ್ರೆ ಹೆಸರಿಗಿಂತ ಮುಂಚೆ ಯಾವ ಒಕ್ಕ, ಯಾವ ಮನೆ, ತಾಯಿ ಕಡೆ ಯಾರು ಅಂತ ಕೇಳಿ ಕೊನೆಗೆ ಹೆಂಗಾದ್ರೂ ಒಂದು ನೆಂಟಸ್ತನ ಎಳೆದು ತರ್ತೀವಲ್ಲ, ಅದೇ ರೋಗ. ಆಮೇಲೆ ಇಡೀ ಸಂಜೆ ಅದೇ ಆಯ್ತು, ಒಂದೊಂದು ಊಟವನ್ನೂ ನಿಲ್ಲಿಸಿ ಒಕ್ಕ ಕೇಳಿದ್ದು.

ಕೊರಿಯಾ ಬಂತು. ಅಳಿಯನ ಹೆಂಡ್ತಿ ದಿನಾ ಕೊರಿಯನ್ ಸೀರಿಯಲ್ ನೋಡಿ ಕಿಮ್ಚಿ ಇಲ್ದೆ ಊಟಾನೇ ಮಾಡಲ್ಲ. ಕೋಸು ಉಪ್ಪಿಗೆ ಹಾಕಿ ಖಾರ ಬಳಿದು ಹುಳಿ ಬರಿಸೋದು. ಚೆನ್ನಾಗೇ ಇದೆ, ಫ್ರಿಡ್ಜ್ ಬಾಗಿಲು ತೆಗೆದ್ರೆ ಮಾತ್ರ ಪಕ್ಕದ ಫ್ಲ್ಯಾಟಿನವರು ಕಿಟಕಿ ಹಾಕ್ತಾರೆ. ಅವರ ಮೆಣಸಿನಕಾಯಿನೂ ನಮ್ಮದೂ ಒಂದೇ ಕಡೆಯಿಂದ ಬಂದಿದ್ದು, ಅಮೆರಿಕ ಖಂಡದಿಂದ, ಕೊಲಂಬಸ್ ಹೋಗಿ ಬಂದ ಮೇಲೆ. ಮನೆಮಂದಿ ಎಲ್ಲ ಸೇರಿ ಚಳಿಗಾಲಕ್ಕೆ ಕಿಮ್ಚಿ ಹಾಕೋ ಪದ್ಧತಿನ 2013ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿದೆ ಅಂತ ಆ ಹುಡುಗಿ ಹೆಮ್ಮೆಯಿಂದ ಹೇಳಿದ್ಲು, ಅವಳದ್ದು ಅರಸೀಕೆರೆ.

ಮಾವನಿಗೆ ಉರೀತು. "ನಲವತ್ತು ವರ್ಷದಿಂದ ನಿಮ್ಮ ಮಾವಿ ಕಣಿಲೆ ಉಪ್ಪಿನಕಾಯಿ ಹಾಕ್ತಾ ಇದ್ದಾಳೆ, ಒಬ್ಬ ಯುನೆಸ್ಕೋದವನೂ ಗೇಟ್ ತಳ್ಳಿಲ್ಲ."

ಇಟಲಿಗೆ ಬಂದಾಗ ನಂಗೇ ಸ್ವಲ್ಪ ಉರೀತು, ಕಾರಣ ಬೇರೆ. ಮೆನು ಕಾರ್ಡಲ್ಲಿ ಕಾಚೋ ಎ ಪೆಪೆ ಅಂತ ಇತ್ತು, ಹೆಸರು ಕೇಳಿ ಯಾರೋ ದೊಡ್ಡ ಮನುಷ್ಯರು ಅಂದ್ಕೊಂಡೆ. ಬಂದಿದ್ದು ನಮ್ಮ ಅಕ್ಕಿ ಶಾವಿಗೆ ನೂಲ್‌ಪುಟ್ಟು ಸ್ವಲ್ಪ ದಪ್ಪ ಆದಂಗೆ ಪಾಸ್ತಾ, ಅದರ ಮೇಲೆ ಕುರಿಹಾಲಿನ ಚೀಸು, ಕರಿಮೆಣಸು. ಅಷ್ಟೇ. ಬಿಲ್ಲು 650 ರೂಪಾಯಿ. ತೋಟದಲ್ಲಿ ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕುಯ್ಯಿಸೋನು ನಾನು, ವ್ಯಾಪಾರಿ ತೇವಾಂಶ ಜಾಸ್ತಿ, ಕಾಳು ಸಣ್ಣದು ಅಂತ ಕೊಸರಾಡಿ ತಗೊಳ್ಳೋನು ಅವನು, ಇಲ್ಲಿ ನೋಡಿದ್ರೆ ಹನ್ನೆರಡು ಕಾಳು ಪುಡಿ ಮಾಡಿ ಉದುರಿಸಿ ನನ್ನ ಹತ್ರಾನೇ ವಸೂಲಿ. ಕಾಫಿದೂ ಅದೇ ಕಥೆ. ನಮ್ಮ ದೇಶದ ಕಾಫಿ ಅತಿ ಹೆಚ್ಚು ಕೊಳ್ಳೋದು ಇಟಲಿ, ಎಸ್‌ಪ್ರೆಸ್ಸೋ ಮೇಲೆ ಆ ನೊರೆ ಚೆನ್ನಾಗಿ ನಿಲ್ಲಕ್ಕೆ ರೊಬಸ್ಟಾ ಜಾತಿ ಕಾಫಿ ಬೇಕು. ಅಂದ್ರೆ ನಮ್ಮನೆ ಹುಡುಗಿನ ಕಟ್ಟಿ ಕಳಿಸಿದ್ವಿ, ಅವಳು ಅಲ್ಲಿ ಹೆಸರು ಬದಲಾಯಿಸ್ಕೊಂಡು ಔಷಧಿ ಮುಚ್ಚಳದಷ್ಟು ಕಪ್ಪಲ್ಲಿ ವಾಪಸ್ ಬಂದು ಗುರುತೇ ಇಲ್ಲದಂಗೆ ಕೂತಿದ್ದಾಳೆ.

"ಹಂಗಾದ್ರೆ ಇಟಲಿಯೋರು ನಮ್ಮ ಅಳಿಯಂದಿರು" ಅಂತ ಮಾವ ತೀರ್ಮಾನ ಕೊಟ್ರು. "ಮುಂದೆ."

ಮುಂದೆ ಹಡಗು ಬಾಯಿ ಹಾಕಿದ. ಹಡಗಿನ ಅಡುಗೆಮನೆ ತುಂಬಾ ಫಿಲಿಪೀನ್ಸಿನವರೇ ಅಂತೆ, ಅವರು ಮಾಡೋ ಅಡೋಬೋ ಅನ್ನೋದು ಹಂದಿ ಮಾಂಸಕ್ಕೆ ವಿನೆಗರು, ಸೋಯಾ ಸಾಸು, ಬೆಳ್ಳುಳ್ಳಿ, ಕರಿಮೆಣಸು, ಪಲಾವ್ ಎಲೆ ಹಾಕಿ ಸಣ್ಣ ಉರೀಲಿ ಬೇಯಿಸೋದು. ಮೊದಲ ಸಲ ತಿಂದಾಗ ಇವನು ತಟ್ಟೆ ಹಿಡ್ಕೊಂಡು ಡೆಕ್ ಮೇಲೆ ಒಬ್ನೇ ಹೋಗಿ ಕೂತಿದ್ನಂತೆ, ಯಾಕೆ ಅಂತ ಕೇಳಿದ್ರೆ ಹೇಳಲ್ಲ. ಆಮೇಲೆ ಗೋವಾದ ವಿಂದಾಲೂ ಮಾತು ಬಂತು, ಅದರಲ್ಲಿರೋ ಆಲೂ ಆಲೂಗಡ್ಡೆ ಅಲ್ಲ, ಪೋರ್ಚುಗೀಸರು ವೈನು, ಬೆಳ್ಳುಳ್ಳಿಲಿ ಮಾಂಸ ನೆನೆ ಹಾಕ್ತಿದ್ರು, ಅವರ ಭಾಷೇಲಿ ಬೆಳ್ಳುಳ್ಳಿಗೆ ಇದ್ದ ಹೆಸರು ನಮ್ಮ ಬಾಯಲ್ಲಿ ಆಲೂ ಆಗಿ, ಈಗ ಉತ್ತರದ ಹೋಟೆಲಿನವರು ನಿಜವಾಗ್ಲೂ ಆಲೂಗಡ್ಡೆ ಹಾಕ್ತಾರೆ.

"ಹಂದಿ, ಹುಳಿ, ಮೆಣಸು, ಮೂರೂ ಹೊಂದುತ್ತೆ" ಅಂದೆ. "ಅಡೋಬೋ ಪಂದಿಕರಿ ಅಣ್ಣತಮ್ಮ ಅಲ್ವ ಮಾವ?"

ಮಾವ ತುಂಬಾ ಹೊತ್ತು ಮಳೆ ನೋಡಿದ್ರು. "ಅಣ್ಣತಮ್ಮ ಅಲ್ಲ. ಸೋಯಾ ಸಾಸ್ ಹಾಕ್ತಾರೆ ಅಂದ್ಯಲ್ಲ. ಗುರುತಿನವರು. ಮದುವೆಗೆ ಕರೀಬಹುದು, ಮುಯ್ಯಿ ನಿರೀಕ್ಷೆ ಮಾಡಬಾರದು."

ಟಿಬೆಟಿನ ಮಾತು ಎತ್ತಿದೆ, ಎತ್ತಿದ ಕೂಡ್ಲೇ ಬಿತ್ತು. ಬೈಲುಕುಪ್ಪೆ ಫಾರಿನ್ ಹೆಂಗಾಗುತ್ತೆ, ಕುಶಾಲನಗರದಲ್ಲಿ ಕಾವೇರಿ ಸೇತುವೆ ದಾಟಿದ್ರೆ ಬಂತು, ಕಾಲೇಜು ಕ್ಲಾಸಿಗೆ ಚಕ್ಕರ್ ಹೊಡೆದು ಮೊಮೊ, ತುಕ್ಪಾ ತಿಂದೇ ಬೆಳೆದೋರು ನಾವು. ಉಪ್ಪು ಬೆಣ್ಣೆ ಹಾಕಿದ ಟೀ ಮಾತ್ರ ನಂಗೆ ಇವತ್ತಿಗೂ ಇಳಿಯಲ್ಲ. ಮಾವ ಲಡಾಖ್‌ನಲ್ಲಿದ್ದಾಗ ಅದನ್ನೇ ಕುಡಿದು ಬದುಕಿದ್ದು, "ಅದನ್ನ ಟೀ ಅನ್ಕೊಂಡ್ರೆ ಕಷ್ಟ, ಸಾರು ಅಂದ್ಕೊಂಡು ಕುಡಿ" ಅಂದ್ರು. ಒಳ್ಳೆ ಸಲಹೆ. ಅವರು ಯುಎನ್ ಡ್ಯೂಟಿ ಅಂತ ಕಾಂಗೋಗೂ ಹೋಗಿದ್ರು, ಅಲ್ಲಿ ಮರಗೆಣಸಿನ ಹಿಟ್ಟಿಂದ ಮಾಡೋ ಫುಫು ನೋಡಿ ಪಟ್ಟಾಲಂನ ಮಂಡ್ಯದ ಹುಡುಗನೊಬ್ಬ ಕಣ್ಣಲ್ಲಿ ನೀರು ಹಾಕ್ಕೊಂಡು "ಸಾರ್, ಮುದ್ದೆ" ಅಂದನಂತೆ. ಅದರಲ್ಲಿ ಆಶ್ಚರ್ಯ ಇಲ್ಲ, ರಾಗಿಯ ತವರೇ ಪೂರ್ವ ಆಫ್ರಿಕಾ.

ಫ್ರಾನ್ಸ್ ಬಂದಾಗ ಮಾತ್ರ ಹೋಂಸ್ಟೇ ಅಣ್ಣ ಎದ್ದು ಕೂತ. ಅಲ್ಲಿಯವರೆಗೂ ಬುಕಿಂಗ್ ಕ್ಯಾನ್ಸಲ್ ಆಗಿದ್ದೇ ಅವನ ಚಿಂತೆ. ನಾನು ಎಸ್ಕಾರ್ಗೋ ತಿಂದೆ ಅಂದೆ. ಅಂದ್ರೆ? ಬಸವನಹುಳು. ಬೆಣ್ಣೆ, ಬೆಳ್ಳುಳ್ಳಿ, ಪಾರ್ಸ್ಲಿ ಸೊಪ್ಪು ಹಾಕಿ ಚಿಪ್ಪಿನೊಳಗೇ ಸುಟ್ಟು ಆರು ಗುಳಿ ಇರೋ ತಟ್ಟೇಲಿ ತರ್ತಾರೆ, ಹಿಡ್ಕೊಳ್ಳಕ್ಕೆ ಒಂದು ಇಕ್ಕಳ, ಕೀಳಕ್ಕೆ ಪುಟ್ಟ ಫೋರ್ಕು. ಇಕ್ಕಳದಲ್ಲಿ ಹಿಡಿದೆ, ಜಾರಿ ಪಕ್ಕದ ಟೇಬಲ್ಲಿನ ಹೆಂಗಸಿನ ಹ್ಯಾಂಡ್‌ಬ್ಯಾಗ್ ಹತ್ರ ಬಿತ್ತು. ನಾನು ಸಾರಿ ಕೇಳಿದೆ, ಅಳಿಯ ಸಾರಿ ಕೇಳಿದ, ಮಾನೇಜರ್ ಸಾರಿ ಕೇಳಿದ. ರುಚಿ? ಬೆಣ್ಣೆ ಬೆಳ್ಳುಳ್ಳಿ ರುಚಿ. ಆ ಬೆಣ್ಣೇಲಿ ಚಪ್ಪಲಿ ಅದ್ದಿ ಕೊಟ್ರೂ ತಿನ್ನಬಹುದು.

"ಎಷ್ಟಕ್ಕೆ?" ಅಂದ ಅಣ್ಣ.

"ಆರಕ್ಕೆ ಒಂಬೈನೂರು."

ಅಣ್ಣನ ಭಾವನ ತೋಟ ಶನಿವಾರಸಂತೆ ಕಡೆ. ಮಳೆ ಶುರು ಆದ್ರೆ ಅಲ್ಲಿ ಕಾಫಿ ಗಿಡದ ತುಂಬಾ ಆಫ್ರಿಕನ್ ಬಸವನಹುಳು, ಕೈಯಷ್ಟು ದೊಡ್ಡದು, ರಾತ್ರಿ ಟಾರ್ಚ್ ಹಾಕ್ಕೊಂಡು ಬಕೆಟ್ ಬಕೆಟ್ ಆಯ್ದು ಉಪ್ಪು ಹಾಕಿ ಹೂಳ್ತಾರೆ. ಅಣ್ಣ ಮನಸ್ಸಲ್ಲೇ ಬಕೆಟ್ಟಿಗೆ ಎಷ್ಟು, ಒಂಬೈನೂರು ಭಾಗಿಸು ಆರು ಅಂತ ಶುರು ಮಾಡಿದ, ಬೆರಳು ಆಡ್ತಿದ್ದಿದ್ದು ಕಾಣ್ತಿತ್ತು. ಕೊನೆಗೆ ಹಡಗು "ಅದು ಬೇರೆ ಜಾತಿ ಮಾರಾಯ, ಇದರಲ್ಲಿ ಮೆದುಳಿಗೆ ಹೋಗೋ ಹುಳ ಇರುತ್ತೆ, ಗೆಸ್ಟಿಗೆ ಗಿಸ್ಟಿಗೆ ಕೊಟ್ಟೀಯ" ಅಂದ ಮೇಲೆ ಬೆರಳು ನಿಂತಿದ್ದು.

"ಗೆಸ್ಟಿಗೆ ಕೊಡೋ ವಿಷಯ ನಂಗೆ ಹೇಳ್ಬೇಡ" ಅಂತ ಅಣ್ಣ ಹೋದ ವರ್ಷದ್ದು ತೆಗೆದ. ಕಕ್ಕಡ ಹದಿನೆಂಟು, ಅಂದ್ರೆ ನಮ್ಮ ಕಕ್ಕಡ ತಿಂಗಳ ಹದಿನೆಂಟನೇ ದಿನ, ಮನೇಲಿ ಮದ್ದು ಸೊಪ್ಪಿನ ಪಾಯಸ. ಆ ದಿನ ಸೊಪ್ಪಲ್ಲಿ ಹದಿನೆಂಟು ಥರ ಔಷಧಿ ಸೇರಿರುತ್ತೆ ಅಂತ ನಾವು ತಿಂತೀವಲ್ಲ. ಫ್ರಾನ್ಸಿನ ಗಂಡ ಹೆಂಡ್ತಿ ಇದ್ರು, ನೇರಳೆ ಬಣ್ಣ ನೋಡಿ ಫೋಟೋ ಹೊಡೆದು ಎರಡೆರಡು ಬಟ್ಟಲು ಹಾಕಿಸ್ಕೊಂಡ್ರು. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತೆ ಅನ್ನೋದನ್ನ ಅಣ್ಣ ಹೇಳಕ್ಕೆ ಮರೆತ. ಬೆಳಗ್ಗೆ ಆರಕ್ಕೆ ಬಾಗಿಲು ಬಡಿತ. ಗಂಡ ಬಿಳಿಚಿಕೊಂಡು ನಿಂತಿದ್ದಾನೆ, ಮೊಬೈಲಲ್ಲಿ ಅವನ ಭಾಷೆ ಕನ್ನಡಕ್ಕೆ ತಿರುಗಿಸಿ ತೋರಿಸ್ತಿದ್ದಾನೆ: "ನಾನು ರಕ್ತ ಮಾಡುತ್ತಿದ್ದೇನೆ." ಅಣ್ಣನಿಗೆ ಇಂಗ್ಲಿಷಲ್ಲಿ ಸೊಪ್ಪು, ಕಕ್ಕಡ, ಹದಿನೆಂಟು ಎಲ್ಲ ಹೇಳೋಷ್ಟು ಪುರುಸೊತ್ತಿಲ್ಲ, ಆ ಮನುಷ್ಯನ ಕೈ ಹಿಡ್ಕೊಂಡು ಸೀದಾ ಕಾಫಿ ಗಿಡದ ಸಾಲಿಗೆ ಕರ್ಕೊಂಡು ಹೋಗಿ ತನ್ನದನ್ನೇ ತೋರಿಸಿದ.

ಮಾವ ನಗ್ತಾ ನಗ್ತಾ ಕೆಮ್ಮು ಬಂದು ಕುರ್ಚಿ ಬಿಟ್ಟು ಎದ್ರು, ಹಡಗು ತಕ್ಷಣ ಅದರಲ್ಲಿ ಕೂತ್ಕೊಂಡ. ಅಷ್ಟರಲ್ಲಿ ನನ್ನ ಫೋನು. ಮನೆಯಿಂದ.

"ಅತ್ತಿಗೆ ಫೋನ್ ಮಾಡಿದ್ರು" ಅಂದ್ಲು ಹೆಂಡ್ತಿ. "ಕಾಚಂಪುಳಿ ಕೈಗೆ ಸಿಕ್ಕಿಲ್ವಂತೆ. ಎಲ್ಲಿ ಕೊಟ್ರಿ?"

ನಾಗಾಲ್ಯಾಂಡ್ ಹುಡುಗ ಹೋಟೆಲ್ ಬಾಗಿಲವರೆಗೂ ಬಂದು ಎರಡೂ ಕೈಲಿ ಅದನ್ನ ಈಸ್ಕೊಂಡಿದ್ದು ಕಣ್ಣ ಮುಂದೆ ಬಂತು. ಫೋನಲ್ಲಿ ನಾಲ್ಕು ಪರ್ಸೆಂಟ್ ಚಾರ್ಜ್ ಉಳಿದಿತ್ತು. "ಹಲೋ? ಹಲೋ? ಇಲ್ಲಿ ನೆಟ್‌ವರ್ಕ್ ಸಿಗ್ತಿಲ್ಲ" ಅಂತ ನಾನೇ ಆಫ್ ಮಾಡಿದೆ.