ಶರಾವತಿಯ ಅಭ್ಯಾಸ ಗ್ರೀನ್‌ಲ್ಯಾಂಡಿಗೆ ಸಾಕಾ?

ಅಳಿವೆಹುಡುಗ:
ಹೊನ್ನಾವರದ ಶರಾವತಿ ಅಳಿವೆಯಲ್ಲಿ ಮೂರು ವರ್ಷದಿಂದ ಕಯಾಕ್ ನಡೆಸುತ್ತಿದ್ದೇನೆ. ಬರುವ ಆಗಸ್ಟ್‌ನಲ್ಲಿ ಪೂರ್ವ ಗ್ರೀನ್‌ಲ್ಯಾಂಡಿನ ತಸೀಲಾಕ್ ಹತ್ತಿರ ಹನ್ನೆರಡು ದಿನದ ಕಯಾಕ್ ಪ್ರವಾಸ ಇದೆ. ರಾತ್ರಿ ದಡದಲ್ಲಿ ಟೆಂಟ್. ಈಜು ಚೆನ್ನಾಗಿ ಬಂದರೆ ಸಾಕಲ್ವಾ?

ಚಳಿಗುಬ್ಬಿ:
ಸಾಲದು. ನಾನು ಅಲ್ಲಿಗೇ ಹೋಗಿ ಬಂದವಳು. ಅಲ್ಲಿನ ಕೊರೆಯೋ ನೀರಿಗೆ ಬಿದ್ದರೆ ಈಜೋಕೆ ಪುರುಸೊತ್ತೇ ಸಿಗೋದಿಲ್ಲ. ಮೊದಲ ನಿಮಿಷ ಏದುಸಿರು. ಹತ್ತು ನಿಮಿಷದೊಳಗೆ ಬೆರಳು ಮಾತು ಕೇಳೋದಿಲ್ಲ, ಹಗ್ಗ ಹಿಡಿಯೋಕೂ ಆಗಲ್ಲ. ಅದಕ್ಕೇ ಡ್ರೈಸೂಟ್, ಅಂದರೆ ಒಳಗೆ ನೀರು ಬಿಡದ ಮೈಪೂರ್ತಿ ಉಡುಪು. ಮೊದಲ ದಿನ ದಡದ ಹತ್ತಿರ ಕಯಾಕ್ ಮಗುಚಿ ಅಭ್ಯಾಸ ಮಾಡಿಸಿದರು. ನನ್ನ ಸೂಟಿನ ಜಿಪ್ ಎರಡು ಬೆರಳಿನಷ್ಟು ತೆರೆದೇ ಇತ್ತು. ಸೂಟಿನೊಳಗೆ ಹೊಟ್ಟೆಯ ಹತ್ತಿರ ನೀರು ನುಗ್ಗಿದಾಗ ಕೂಗೋಣ ಅಂದರೆ ದನಿಯೇ ಬರಲಿಲ್ಲ. ಆಮೇಲೆ ಪ್ರತಿದಿನ ಪಕ್ಕದವರ ಹತ್ತಿರ ಜಿಪ್ ತೋರಿಸಿಯೇ ನೀರಿಗೆ ಇಳಿದೆ, ನಾಚಿಕೆ ಬಿಟ್ಟು!

ಅಲ್ಲಿನ ಸೆರ್ಮಿಲಿಕ್ ಫ್ಯೋರ್ಡ್‌ನಲ್ಲಿ (ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲು) ಮನೆಗಿಂತ ದೊಡ್ಡ ಹಿಮಗಡ್ಡೆಗಳು ತೇಲುತ್ತವೆ. ಸುತ್ತ ಸಣ್ಣ ಚೂರುಗಳು ಕರಗುತ್ತಾ ಒಗ್ಗರಣೆಗೆ ಸಾಸಿವೆ ಬಿದ್ದ ಹಾಗೆ ಚಟಪಟ ಅನ್ನುತ್ತವೆ. ಒಳಗೆ ಸಿಕ್ಕಿಕೊಂಡ ಹಳೇ ಗಾಳಿ ಒಡೆದು ಬರೋ ಸದ್ದು ಅದು. ಫೋಟೋ ಆಸೆಗೆ ದೊಡ್ಡದರ ಹತ್ತಿರ ಹೋಗಬೇಡಿ. ಯಾವಾಗ ಬೇಕಾದರೂ ಮಗುಚುತ್ತದೆ, ಅಲೆ ನಿಮ್ಮನ್ನೂ ಮಗುಚುತ್ತದೆ.

ರಾತ್ರಿ ಹಿಮಕರಡಿ ಬಂತಾ ಅಂತ ಕಾವಲು ಕಾಯೋಕೆ ಪಾಳಿ. ನನ್ನ ಪಾಳಿಯಲ್ಲಿ ಬಂದದ್ದು ಒಂದು ನರಿ ಮಾತ್ರ.

ಕಡಲಕಾಗೆ:
ವೀಸಾ ಮರೆಯಬೇಡಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾ ಒಂದೇ ಗ್ರೀನ್‌ಲ್ಯಾಂಡಿಗೆ ನಡೆಯೋದಿಲ್ಲ. ಅಲ್ಲಿಗೂ ಸಲ್ಲುತ್ತದೆ ಅಂತ ವೀಸಾದಲ್ಲೇ ಬರೆದಿರಬೇಕು. ಹತ್ತಿರದ ಕುಲುಸುಕ್ ದ್ವೀಪಕ್ಕೆ ವಿಮಾನ, ಅಲ್ಲಿಂದ ತಸೀಲಾಕ್‌ಗೆ ಹೆಲಿಕಾಪ್ಟರ್ ಅಥವಾ ದೋಣಿ. ಮಂಜು ಕವಿದರೆ ಎಲ್ಲಾ ನಿಂತಿತು. ಕೈಯಲ್ಲಿ ಎರಡು ದಿನ ಜಾಸ್ತಿ ಇಟ್ಟುಕೊಳ್ಳಿ.

ಅಳಿವೆಹುಡುಗ:
ಥ್ಯಾಂಕ್ಸ್ ಅಕ್ಕಾ. ಮಗುಚಿದ ಮೇಲೆ ಕೂತಲ್ಲೇ ಉರುಳಿ ಎದ್ದರೆ ಆಯ್ತಲ್ಲ? ನನಗೆ ಹತ್ತರಲ್ಲಿ ನಾಲ್ಕು ಸಲ ಬರುತ್ತೆ.

ಚಳಿಗುಬ್ಬಿ:
ಬೆಚ್ಚಗಿನ ಶರಾವತಿಯಲ್ಲಿ ನಾಲ್ಕು! ಗಿನೋ ವಾಟ್ಕಿನ್ಸ್ ಅಂತ ಇಂಗ್ಲಿಷ್ ಅನ್ವೇಷಕನಿದ್ದ. ಅಲ್ಲಿನ ಬೇಟೆಗಾರರಿಂದಲೇ ಉರುಳೋದು ಕಲಿತವನು. 1932ರ ಆಗಸ್ಟ್‌ನಲ್ಲಿ, ಅದೇ ಪೂರ್ವ ಕರಾವಳಿಯಲ್ಲಿ, ಒಬ್ಬನೇ ಸೀಲ್ ಬೇಟೆಗೆ ಹೋದ. ಕಯಾಕ್ ಸಿಕ್ಕಿತು, ಅವನು ಸಿಗಲಿಲ್ಲ. ಆಗ ಅವನಿಗೆ ಇನ್ನೂ 25 ವರ್ಷ.

ಬೇರೆಯವರ ಸಹಾಯದಿಂದ ನೀರಿನಿಂದ ಕಯಾಕ್ ಹತ್ತೋದನ್ನು ಮೊದಲು ಕಲೀರಿ. ಈ ಆಗಸ್ಟ್ ಬೇಡ.

ಅಳಿವೆಹುಡುಗ:
ಸರಿ. ಅಮ್ಮನಿಗೆ ಈ ಕಾಮೆಂಟ್ ತೋರಿಸೋದಿಲ್ಲ.